ಫೆಬ್ರವರಿಯ ದುಡ್ಡು ಕಕ್ಕಡಕ್ಕೆ

ಷೇರು ಮಾರ್ಕೆಟ್ ಬಗ್ಗೆ ಮಾತಾಡಿ ಅಂತ ಕಾಫಿ ಬೆಳೆಗಾರರಾದ ನೀವು ನನ್ನನ್ನು ಈ ಸಹಕಾರ ಸಂಘದ ಹಾಲ್‌ಗೆ ಕರೆದಿದ್ದೀರಿ. ಮಾತಾಡುತ್ತೇನೆ, ಆದರೆ ಕೊನೆಗೆ. ಮೊದಲು ಕಕ್ಕಡದ ಬಗ್ಗೆ, ಅಂದರೆ ಕೊಡಗಿನ ಜುಲೈ-ಆಗಸ್ಟ್‌ನ ಮಳೆ ತಿಂಗಳ ಬಗ್ಗೆ, ಮಾತಾಡಬೇಕು.

ಕೊಡಗಿನ ಬೇರೆ ಬೇರೆ ಊರುಗಳಲ್ಲಿ ಬ್ಯಾಂಕಿನ ಕೌಂಟರ್ ಹಿಂದೆ ಕೂತು 31 ವರ್ಷ ಕಳೆದವನು ನಾನು. ಅಷ್ಟು ವರ್ಷ ಕೂತವನಿಗೆ ಕ್ಯಾಲೆಂಡರ್ ಬೇಕಾಗುವುದಿಲ್ಲ. ಅಡವಿಡಲು ಒಡವೆ ಒಳಗೆ ಬರುತ್ತಿದ್ದರೆ ಮಳೆಗಾಲ. ಒಡವೆ ಹೊರಗೆ ಹೋಗುತ್ತಿದ್ದರೆ ಕಾಫಿ ಕೊಯ್ಲು ಮುಗಿದಿದೆ ಅಂತ ಲೆಕ್ಕ. ಜೂನ್‌ನಲ್ಲಿ ಮಕ್ಕಳ ಫೀಸು, ಆಮೇಲೆ ಗೊಬ್ಬರ, ಕಾಡು ಕಡಿಸುವ ಕೂಲಿ. ಜುಲೈ, ಆಗಸ್ಟ್‌ನಲ್ಲಿ ಕೈಗೆ ಏನೂ ಬರುವುದಿಲ್ಲ. ಕಕ್ಕಡ ಅಂದರೆ ಹಿಂದಿನಿಂದಲೂ ಕಷ್ಟದ ತಿಂಗಳೇ. ಆಗ ಊಟಕ್ಕೆ ಕಷ್ಟವಿತ್ತು, ಈಗ ಬ್ಯಾಂಕ್ ಖಾತೆಗೆ ಕಷ್ಟ.

ಒಂದು ಜೊತೆ ಬಳೆ ನನಗೆ ಇವತ್ತಿಗೂ ನೆನಪಿದೆ. ಹನ್ನೊಂದು ವರ್ಷ ಅದೇ ಬಳೆ, ಅದೇ ಕೆಂಪು ಬಟ್ಟೆಯ ಗಂಟು. ಜುಲೈನಲ್ಲಿ ಬರುತ್ತಿತ್ತು, ಫೆಬ್ರವರಿ ಕೊನೆಗೆ ಹೋಗುತ್ತಿತ್ತು. ಒಂದೂವರೆ ಲಕ್ಷದ ಸಾಲ, ನೂರಕ್ಕೆ ಹತ್ತು ಬಡ್ಡಿ ಅಂತ ಇಟ್ಟುಕೊಳ್ಳಿ. ಏಳು ತಿಂಗಳಿಗೆ 8,750 ರೂಪಾಯಿ. ಹನ್ನೊಂದು ವರ್ಷಕ್ಕೆ 96,000 ದಾಟುತ್ತದೆ. ಆ ಮನೆಯವರು ಬಡವರಲ್ಲ. ಪ್ರತಿ ಮಾರ್ಚ್‌ನಲ್ಲೂ ಅವರ ಖಾತೆಯಲ್ಲಿ ನಾಲ್ಕೈದು ಲಕ್ಷ ಇರುತ್ತಿತ್ತು. ಮೇ ಮುಗಿಯುವ ಹೊತ್ತಿಗೆ ಎಲ್ಲಿ ಹೋಗುತ್ತಿತ್ತು ಅಂತ ಅವರಿಗೂ ಗೊತ್ತಿರಲಿಲ್ಲ.

ಹಣ ನಿಭಾಯಿಸುವುದರ ಬಗ್ಗೆ ಸಿಗುವ ಮಾತೆಲ್ಲ ಸಂಬಳದವರಿಗಾಗಿ ಇರುವುದು. ತಿಂಗಳ ಒಂದನೇ ತಾರೀಖು ಇಷ್ಟು ತೆಗೆದಿಡಿ, ಉಳಿದದ್ದು ಖರ್ಚು ಮಾಡಿ ಅನ್ನುತ್ತಾರೆ. ನಮಗೆ ಒಂದನೇ ತಾರೀಖು ಬರುವುದು ವರ್ಷಕ್ಕೆ ಒಂದೇ ಸಲ. ಅದೂ ಎಷ್ಟು ಬರುತ್ತದೆ ಅನ್ನುವುದು ಕಾಫಿ ಹೂ ಬಿಡಿಸುವ ಮಳೆ ಯಾವತ್ತು ಬಿತ್ತು, ನಮ್ಮ ಹಾಗೇ ಕಾಫಿ ಬೆಳೆಯುವ ಬ್ರೆಜಿಲ್, ವಿಯೆಟ್ನಾಂ ಕಡೆ ಏನಾಯಿತು ಅನ್ನುವುದರ ಮೇಲೆ. ಹಾಗಾಗಿ ನಾವು ಮೊದಲು ಕಲಿಯಬೇಕಾದದ್ದು ಹೂಡಿಕೆ ಅಲ್ಲ. ಒಂದೇ ಸಲ ಬಂದ ದುಡ್ಡನ್ನು ಹನ್ನೆರಡು ತಿಂಗಳಿಗೆ ಹಂಚುವುದು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇಲ್ಲಿರುವ ಹಿರಿಯರಿಗೆ ಪೂಲ್ ಕಾಲ ನೆನಪಿರಬಹುದು. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡ್‌ಗೇ ಕೊಡಬೇಕಿತ್ತು. ಬೋರ್ಡ್ ಮಾರುತ್ತಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ನಮ್ಮ ಅಪ್ಪ ಬೈಯದ ದಿನ ಇರಲಿಲ್ಲ. ಕಾಫಿ ಕೊಟ್ಟು ಎಷ್ಟೋ ಸಮಯ ಆದಮೇಲೆ ಕೊನೆಯ ಕಂತು ಬರುತ್ತಿತ್ತು. 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲ ಮಾಡಿ, 1996ಕ್ಕೆ ಪೂರ್ತಿ ಬಿಟ್ಟರು. ಇವತ್ತು ಚೀಲ ಕೊಟ್ಟರೆ ಇವತ್ತೇ ದುಡ್ಡು. ಒಳ್ಳೆಯದೇ ಆಯಿತು, ಪೂಲ್ ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ಬೇಡ ಅಂದರೂ ಆ ಕಂತುಗಳು ನಮ್ಮ ಮನೆ ಖರ್ಚನ್ನು ಹಂಚುತ್ತಿದ್ದವು. ಅಪ್ಪ ಬೈಯುತ್ತಲೇ ಜುಲೈ ದಾಟುತ್ತಿದ್ದರು. ಕಂತು ಹೋಯಿತು, ಅದರ ಕೆಲಸವನ್ನು ನಾವು ಮಾಡಿಕೊಳ್ಳಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ಹೇಗೆ ಮಾಡುವುದು? ನಾನು ಮಾಡುವ ರೀತಿ ಹೇಳುತ್ತೇನೆ. ನಾನೂ ಮೂರೂವರೆ ಎಕರೆಯವನು.

ಎರಡು ಖಾತೆ ಮಾಡಿ. ಒಂದು ತೋಟದ್ದು, ಒಂದು ಮನೆಯದ್ದು. ಕಾಫಿ, ಮೆಣಸು, ಅಡಿಕೆ, ಏನೇ ಮಾರಿದರೂ ತೋಟದ ಖಾತೆಗೆ ಹೋಗಲಿ. ಕೂಲಿ, ಗೊಬ್ಬರ, ಸ್ಪ್ರಿಂಕ್ಲರ್ ಡೀಸೆಲ್, ನೆರಳು ಮರದ ಕೊಂಬೆ ಕಡಿಸುವ ಮರಗಸಿ ಎಲ್ಲ ಅಲ್ಲಿಂದಲೇ. ಮನೆ ಖಾತೆಗೆ ತೋಟ ತಿಂಗಳಿಗೊಮ್ಮೆ ಸಂಬಳ ಕೊಡಬೇಕು. ತೋಟವೇ ಸಾಹುಕಾರ, ನೀವು ಅದರ ಲೆಕ್ಕ ಬರೆಯುವ ರೈಟರ್ ಅಂದುಕೊಳ್ಳಿ. ರೈಟರ್‌ಗೆ ಫೆಬ್ರವರಿಯಲ್ಲಿ ಇಡೀ ವರ್ಷದ ಸಂಬಳ ಯಾರಾದರೂ ಒಟ್ಟಿಗೆ ಕೊಡುತ್ತಾರಾ? ಕೊಟ್ಟರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಪ್ರತಿ ತಿಂಗಳು ಇಂಥ ದಿನ ಇಷ್ಟು ಆ ಖಾತೆಗೆ ಹೋಗಲಿ ಅಂತ ಬ್ಯಾಂಕಿನಲ್ಲಿ ಒಮ್ಮೆ ಬರೆದುಕೊಟ್ಟರೆ ಸಾಕು, ತಾನಾಗಿಯೇ ಹೋಗುತ್ತದೆ.

ಸಂಬಳ ಎಷ್ಟು? ಇಲ್ಲೇ ಎಲ್ಲರೂ ಎಡವುವುದು. ಒಂದು ಲೆಕ್ಕ ಮಾಡೋಣ. ಐದು ಎಕರೆ ರೋಬಸ್ಟಾ ಕಾಫಿ, 80 ಚೀಲ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕಿಲೋ ಚೀಲ. ಬೆಲೆ ಚೆನ್ನಾಗಿರುವ ವರ್ಷ ಚೀಲಕ್ಕೆ 8,000 ಅಂತ ಇಟ್ಟುಕೊಂಡರೆ 6,40,000. ತೋಟದ ಖರ್ಚು 3,00,000. ಉಳಿಯುವುದು 3,40,000. ತಿಂಗಳಿಗೆ 28,000 ತೆಗೆಯಬಹುದು ಅನಿಸುತ್ತದೆ, ಅಲ್ವಾ? ಈಗ ಬೆಲೆ 5,000ಕ್ಕೆ ಬರಲಿ. ಆಗ 4,00,000. ಖರ್ಚು ಮಾತ್ರ ಅಷ್ಟೇ ಇರುತ್ತದೆ, ಕೂಲಿ ಇಳಿಯುವುದಿಲ್ಲ. ಉಳಿಯುವುದು ಒಂದು ಲಕ್ಷ. ತಿಂಗಳಿಗೆ 8,000 ಚಿಲ್ಲರೆ. ಬೆಲೆ ಇಳಿದದ್ದು ನೂರಕ್ಕೆ ಮೂವತ್ತೇಳರಷ್ಟು. ಮನೆಗೆ ಬರುವ ದುಡ್ಡು ಕಡಿಮೆ ಆದದ್ದು ನೂರಕ್ಕೆ ಎಪ್ಪತ್ತು. ಇದನ್ನು ಒಮ್ಮೆ ಕೈಯಲ್ಲಿ ಬರೆದು ನೋಡಿ, ಮೈ ಜುಮ್ ಅನ್ನುತ್ತದೆ.

ಹಾಗಾಗಿ ಈ ವರ್ಷದ ಬೆಲೆ ನೋಡಿ ಸಂಬಳ ಇಡಬೇಡಿ. ಹಿಂದಿನ ಐದು ವರ್ಷ ಮಾರಿದ ಬಿಲ್ ತೆಗೆದು ಸರಾಸರಿ ನೋಡಿ. ನನ್ನ ಲೆಕ್ಕದ ತೋಟಕ್ಕೆ ತಿಂಗಳಿಗೆ 18,000 ಅಂತ ಇಡೋಣ. ವರ್ಷಕ್ಕೆ 2,16,000. ಒಳ್ಳೆಯ ವರ್ಷದಲ್ಲಿ 1,24,000 ಮಿಗುತ್ತದೆ. ಕೆಟ್ಟ ವರ್ಷದಲ್ಲಿ 1,16,000 ಸಾಲುವುದಿಲ್ಲ. ಒಂದು ಒಳ್ಳೆಯ ವರ್ಷ ಒಂದು ಕೆಟ್ಟ ವರ್ಷವನ್ನು ಹೊತ್ತುಕೊಂಡು ಹೋಗುತ್ತದೆ. ಬಳೆಗೆ ಬೀರುವಿನಲ್ಲೇ ಜಾಗ.

2024ರಲ್ಲಿ ರೋಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರ ದಾಟಿತು. ನಾಲ್ಕೈದು ವರ್ಷದ ಹಿಂದೆ ಮೂರೂವರೆ ಸಾವಿರದ ಆಸುಪಾಸಿನಲ್ಲಿ ಒದ್ದಾಡುತ್ತಿದ್ದ ನಾವು ಆಗ ಏನು ಮಾಡಿದೆವು? ಗೋಣಿಕೊಪ್ಪ ಪೇಟೆಯಲ್ಲಿ ಹೊಸ ಜೀಪುಗಳಿಗೆ ನಿಲ್ಲಲು ಜಾಗ ಇರಲಿಲ್ಲ. ತಪ್ಪು ಅನ್ನುವುದಿಲ್ಲ. ಕಷ್ಟಪಟ್ಟವರು ಒಂದು ಜೀಪು ತಗೊಂಡರೆ ತಗೊಳ್ಳಲಿ. ಆದರೆ ಅರ್ಧ ದುಡ್ಡು ಕೊಟ್ಟು ಉಳಿದರ್ಧಕ್ಕೆ ಏಳು ವರ್ಷದ ಸಾಲ ಮಾಡಿದವರನ್ನು ನೋಡಿದ್ದೇನೆ. ಒಂದು ವರ್ಷದ ಬೆಲೆ ನಂಬಿ ಏಳು ವರ್ಷದ ಕಂತು. ಈ ಜಿಲ್ಲೆಗೆ 2018ರ ಆಗಸ್ಟ್ ಮರೆತು ಹೋಯಿತಾ? ಆ ವಾರ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಕಾಫಿ ಬೆಲೆ ಎಷ್ಟಿದ್ದರೂ ಏನು ಪ್ರಯೋಜನ ಇತ್ತು, ತೋಟವೇ ಇರಲಿಲ್ಲ.

ತೋಟದ ಖಾತೆಯಲ್ಲಿರುವ ಖರ್ಚಿನ ದುಡ್ಡನ್ನು ಉಳಿತಾಯ ಖಾತೆಯಲ್ಲೇ ಬಿಡಬೇಡಿ. ಕಣ್ಣೆದುರು ಇದ್ದರೆ ಖರ್ಚಾಗುತ್ತದೆ. ಒಂದೇ ದೊಡ್ಡ ಎಫ್‌ಡಿಯೂ ಬೇಡ, ಮಧ್ಯೆ ಮುರಿದರೆ ಬಡ್ಡಿಯಲ್ಲಿ ಕಡಿತ. ನಾಲ್ಕು ಚೂರು ಮಾಡಿ. ಒಂದು ಜೂನ್ ಮೊದಲ ವಾರ ಮುಗಿಯುವಂತೆ, ಒಂದು ಆಗಸ್ಟ್‌ಗೆ, ಒಂದು ಅಕ್ಟೋಬರ್‌ಗೆ, ಇನ್ನೊಂದು ಕೊಯ್ಲು ಶುರುವಾಗುವ ಡಿಸೆಂಬರ್‌ಗೆ. ಅಪ್ಪನ ಕಾಲದ ಬೋರ್ಡ್ ಕಂತನ್ನು ನೀವೇ ಮಾಡಿಕೊಂಡ ಹಾಗಾಯಿತು.

ಎಫ್‌ಡಿ ಎಲ್ಲಿ ಇಡುವುದು ಅನ್ನುವ ವಿಷಯ ಬಂತು. ಈ ಸಹಕಾರ ಸಂಘದ ಹಾಲ್‌ನಲ್ಲೇ ನಿಂತು ಹೇಳುತ್ತಿದ್ದೇನೆ, ಅಧ್ಯಕ್ಷರು ಬೇಜಾರು ಮಾಡಿಕೊಳ್ಳಬಾರದು. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಅಸಲು ಬಡ್ಡಿ ಎರಡೂ ಸೇರಿ. 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ಸಹಕಾರಿ ಬ್ಯಾಂಕ್‌ಗಳಿಗೂ ಈ ವಿಮೆ ಇದೆ. ಆದರೆ ನಮ್ಮ ಊರಿನ ವ್ಯವಸಾಯ ಸೇವಾ ಸಹಕಾರ ಸಂಘಗಳಿಗೆ, ಅಂದರೆ ಈ ಸಂಘದಂಥವಕ್ಕೆ, ಆ ವಿಮೆ ಇಲ್ಲ. ಸಂಘದಲ್ಲಿ ಇಡಬೇಡಿ ಅಂತ ನಾನು ಹೇಳುತ್ತಿಲ್ಲ, ನನ್ನದೂ ಇಲ್ಲಿದೆ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಯಾಕೆ ಸಿಗುತ್ತದೆ ಅಂತ ಗೊತ್ತಿಟ್ಟುಕೊಂಡು ಇಡಿ. ಇಡೀ ಮನೆಯ ದುಡ್ಡು ಒಂದೇ ಕಡೆ ಬೇಡ.

ಹಾಗೆಯೇ ಬೆಳೆ ಸಾಲದಲ್ಲಿ ಸಂಘವನ್ನು ಮೀರಿಸುವವರಿಲ್ಲ. 3 ಲಕ್ಷದವರೆಗಿನ ಕಿಸಾನ್ ಕಾರ್ಡ್ ಸಾಲಕ್ಕೆ ಬ್ಯಾಂಕಿನಲ್ಲಿ ನೂರಕ್ಕೆ 7 ಬಡ್ಡಿ, ಗಡುವಿನೊಳಗೆ ಕಟ್ಟಿದರೆ 3 ವಾಪಸ್. ಸಂಘದಲ್ಲಿ ರಾಜ್ಯ ಸರ್ಕಾರದ ಬಡ್ಡಿ ಇಲ್ಲದ ಸಾಲವೇ ಇದೆ, 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಎರಡರಲ್ಲೂ ಗುಟ್ಟು ಇರುವುದು ಗಡುವಿನಲ್ಲಿ. ಒಂದು ದಿನ ತಪ್ಪಿದರೆ ರಿಯಾಯಿತಿ ಹೋಯಿತು. ಎಲೆಕ್ಷನ್ ಬರುತ್ತದೆ, ಮನ್ನಾ ಆಗುತ್ತದೆ ಅಂತ ಕಾಯುವವರು ಕಾಯಲಿ. ನಾನು ಕೌಂಟರ್‌ನಲ್ಲಿ ನೋಡಿದ ಮಟ್ಟಿಗೆ, ಕಾದವರಲ್ಲಿ ಗೆದ್ದವರಿಗಿಂತ ಬಡ್ಡಿ ತೆತ್ತವರೇ ಜಾಸ್ತಿ.

ಈಗ ನನ್ನದೇ ಎರಡು ದಡ್ಡತನ ಹೇಳುತ್ತೇನೆ. ಬೇರೆಯವರ ದಡ್ಡತನ ಹೇಳಿದರೆ ನಿಮಗೆ ಖುಷಿಯಾಗುತ್ತದೆ, ಆದರೆ ನೆನಪಿರುವುದಿಲ್ಲ.

2003ರಲ್ಲಿ ಹತ್ತಿರದ ನೆಂಟರೊಬ್ಬರು ಬಂದು ಪಾಲಿಸಿ ಮಾಡಿಸಿದರು. ವರ್ಷಕ್ಕೆ 50,000, ಇಪ್ಪತ್ತು ವರ್ಷ. 2023ರಲ್ಲಿ 17 ಲಕ್ಷ 40 ಸಾವಿರ ಕೈಗೆ ಬಂತು. ಕಟ್ಟಿದ್ದು ಹತ್ತು ಲಕ್ಷ, ಬಂದದ್ದು ಹದಿನೇಳೂವರೆ ಹತ್ತಿರ. ಮನೆಯಲ್ಲಿ ಪಾಯಸ ಮಾಡಿದೆವು. ಒಂದು ವಾರ ಬಿಟ್ಟು ಮಗಳು ಲೆಕ್ಕ ಹಾಕಿ ತೋರಿಸಿದಳು. ವರ್ಷಕ್ಕೆ ನೂರಕ್ಕೆ ಐದರ ಹಾಗೆ ಬೆಳೆದಿತ್ತು, ಅಷ್ಟೆ. ನಾನು ಕೂರುತ್ತಿದ್ದ ಕೌಂಟರ್‌ನಿಂದ ಪಿಪಿಎಫ್ ಅನ್ನುವ ಸರ್ಕಾರಿ ಉಳಿತಾಯ ಯೋಜನೆಯ ಕೌಂಟರ್‌ಗೆ ಎಂಟು ಹೆಜ್ಜೆ. ಆ ಇಪ್ಪತ್ತು ವರ್ಷದಲ್ಲಿ ಪಿಪಿಎಫ್ ಬಡ್ಡಿ ಒಮ್ಮೆಯೂ 7.1ಕ್ಕಿಂತ ಕೆಳಗೆ ಇಳಿಯಲಿಲ್ಲ. ಆ 7.1ರಲ್ಲೇ ಲೆಕ್ಕ ಹಾಕಿದರೂ 22 ಲಕ್ಷ ಆಗುತ್ತಿತ್ತು. ವಿಮೆ ಇತ್ತಲ್ಲ ಅನ್ನಬಹುದು. ನಾನು ನಡುವೆ ಸತ್ತಿದ್ದರೆ ಸಿಗುತ್ತಿದ್ದದ್ದು ಹತ್ತು ಲಕ್ಷದ ಆಸುಪಾಸು. ಎರಡು ಮಕ್ಕಳ ಓದು, ಮದುವೆಗೆ ಅದು ಎಲ್ಲಿಗೆ ಸಾಕು? ವಿಮೆಯೂ ಅರ್ಧ, ಉಳಿತಾಯವೂ ಅರ್ಧ. ವಿಮೆ ಬೇಕಾದರೆ ಬರೀ ವಿಮೆ ತಗೊಳ್ಳಿ, ಟರ್ಮ್ ಅಂತ ಕೇಳಿ. ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ, ಅದೇ ಅದರ ಒಳ್ಳೆಯ ಗುಣ. ಅದಕ್ಕೇ ಅಗ್ಗ.

ಅಗ್ಗ ಅಂದಾಗ ಇನ್ನೊಂದು. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತರೆ 2 ಲಕ್ಷ ಕೊಡುವ ಸುರಕ್ಷಾ ಬಿಮಾ ಇದೆ. 18ರಿಂದ 70 ವರ್ಷದವರಿಗೆ. ಬ್ಯಾಂಕ್ ಖಾತೆ ಇದ್ದರೆ ಸಾಕು. ಮೆಣಸು ಕುಯ್ಯಲು ಒಂಟಿ ಬಿದಿರಿನ ಏಣಿ ಹತ್ತುವ ಊರು ನಮ್ಮದು. ನಿಮ್ಮ ತೋಟದ ಕೆಲಸದವರ ಲೈನ್‌ಮನೆಯಲ್ಲಿ ಎಷ್ಟು ಜನರಿಗೆ ಇದನ್ನು ಮಾಡಿಸಿದ್ದೀರಿ? ಕೈ ಎತ್ತಬೇಡಿ. ನಾಳೆ ಮಾಡಿಸಿ.

ಎರಡನೇ ದಡ್ಡತನ ಮೆಣಸಿನದು. 2015-16ರಲ್ಲಿ ಕಿಲೋಗೆ ಏಳುನೂರು ನಡೆಯುತ್ತಿತ್ತು. ನನ್ನ ಹತ್ತಿರ ಎರಡೂವರೆ ಕ್ವಿಂಟಾಲ್ ಒಣಗಿಸಿದ್ದು ಇತ್ತು. ಸಾವಿರ ಆಗುತ್ತದೆ ಅಂತ ಊರೆಲ್ಲ ಹೇಳುತ್ತಿತ್ತು. ಹೆಂಡತಿ ಒಂದೇ ಮಾತು ಹೇಳಿದಳು, "ಅರ್ಧ ಮಾರಿ, ಅರ್ಧ ಇಡಿ." ನನಗೆ ಅದು ಹೆಂಗಸರ ಹೆದರಿಕೆ ಅನಿಸಿತು. ಮೆಣಸು ಕೆಡುವುದಿಲ್ಲ, ಅದೇ ಅದರ ಮೋಸ. ಕೆಡುವ ವಸ್ತುವಾಗಿದ್ದರೆ ಮಾರಿಬಿಡುತ್ತಿದ್ದೆ. 2019ರಲ್ಲಿ ಮುನ್ನೂರ ಮೂವತ್ತರ ಹಾಗೆ ಕೊಟ್ಟೆ. 1,75,000 ಆಗಬೇಕಿದ್ದದ್ದು 82,500 ಆಯಿತು. ಕಾಫಿ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್‌ನಲ್ಲಿ ಕಾಫಿ ಇಟ್ಟು ಬೆಲೆ ಕಾಯುವವರೆಲ್ಲ ಮಾಡುವುದು ಇದೇ. ಷೇರು ಅಂದರೆ ಜೂಜು ಅನ್ನುವವರು ಮನೆ ಅಟ್ಟದ ಮೇಲೆ ಮೂಟೆ ಇಟ್ಟುಕೊಂಡು ಅದೇ ಜೂಜು ಆಡುತ್ತಿರುತ್ತಾರೆ. ಕಾಯಬೇಡಿ ಅನ್ನುವುದಿಲ್ಲ. ಮೊದಲು ವರ್ಷದ ಖರ್ಚು, ಬೆಳೆ ಸಾಲ ತೀರುವಷ್ಟು ಮಾರಿ. ಉಳಿದದ್ದನ್ನು ಮೂರು ಸಲ ಮಾರಿ. ಅತಿ ಮೇಲಿನ ಬೆಲೆ ಸಿಗುವುದಿಲ್ಲ, ಅತಿ ಕೆಳಗಿನದ್ದೂ ಸಿಗುವುದಿಲ್ಲ.

ಸರಿ, ಷೇರು ಮಾರ್ಕೆಟ್.

ಶುರು ಮಾಡುವ ಮುಂಚೆ ವೆನಿಲ್ಲಾ ನೆನಪು ಮಾಡಿಕೊಳ್ಳಿ. ನಗಬೇಡಿ, ನನ್ನ ಮನೆ ಹಿಂದೆಯೂ ಇತ್ತು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಹೊಡೆಯಿತು, ಅಲ್ಲಿನ ಬೆಳೆ ಹಾಳಾಯಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ. ಒಂದು ಬಳ್ಳಿ ತುಂಡಿಗೂ ಬೆಲೆ. ರಾತ್ರಿ ಕಾವಲು ಕೂತೆವು. ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿಯಲ್ಲಿ ಪರಾಗ ಮುಟ್ಟಿಸಿದೆವು. ಒಂದೆರಡು ವರ್ಷದಲ್ಲಿ ಕೇಳುವವರೇ ಇಲ್ಲ. ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಇಂಥ ಷೇರು ತಗೊಳ್ಳಿ, ಮೂರು ತಿಂಗಳಲ್ಲಿ ಡಬಲ್ ಅಂದಾಗ ನನಗೆ ಆ ಬಳ್ಳಿಯೇ ಕಾಣುತ್ತದೆ. ವೆನಿಲ್ಲಾದಲ್ಲಿ ಬಳ್ಳಿಯಾದರೂ ಇತ್ತು. ಈ ಗುಂಪುಗಳಲ್ಲಿ ಎಷ್ಟೋ ಸಲ ಷೇರೂ ಇರುವುದಿಲ್ಲ, ಆ್ಯಪ್‌ನಲ್ಲಿ ಕಾಣುವ ಲಾಭ ಬರೀ ಚಿತ್ರ. ದುಡ್ಡು ಹೋಯಿತು ಅಂತ ಗೊತ್ತಾದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಸಿಗುವುದು ಕಷ್ಟ.

ಒಂದೇ ಕಂಪನಿ ಆರಿಸುವಷ್ಟು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಇಂಡೆಕ್ಸ್ ಫಂಡ್ ಇದೆ. ದೇಶದ ದೊಡ್ಡ 50 ಕಂಪನಿಗಳ ಚೂರು ಚೂರು ಒಟ್ಟಿಗೆ ಸಿಗುತ್ತದೆ. ಕಾಫಿ, ಮೆಣಸು, ಅಡಿಕೆ, ಕಿತ್ತಳೆ, ನಡುವೆ ಸಿಲ್ವರ್ ಓಕ್, ಹಾಲುವಾಣ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಒಂದಕ್ಕೆ ಬೋರರ್ ಹುಳ ಬಿದ್ದರೆ ಇನ್ನೊಂದು ಇರುತ್ತದೆ. ತಗೊಳ್ಳುವಾಗ ಡೈರೆಕ್ಟ್ ಪ್ಲ್ಯಾನ್ ಅಂತ ಕೇಳಿ. 2013ರ ಜನವರಿಯಿಂದ ಎಲ್ಲ ಫಂಡ್‌ಗಳಲ್ಲೂ ಅದು ಇದೆ. ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲ, ಅಷ್ಟು ದುಡ್ಡು ನಿಮ್ಮಲ್ಲೇ ಬೆಳೆಯುತ್ತದೆ.

ಯಾವ ದುಡ್ಡು ಹಾಕಬೇಕು? ಏಳೆಂಟು ವರ್ಷ ಮುಟ್ಟದೆ ಇರಬಹುದಾದದ್ದು ಮಾತ್ರ. ಕೆಟ್ಟ ವರ್ಷಕ್ಕೆ ಇಟ್ಟದ್ದನ್ನು ಅಲ್ಲ. 2008ರ ಜನವರಿಯಲ್ಲಿ ಸೆನ್ಸೆಕ್ಸ್, ಅಂದರೆ ಮುಂಬೈ ಷೇರು ಪೇಟೆಯ ಸೂಚ್ಯಂಕ, 21,000 ಮುಟ್ಟಿತ್ತು. ಅದೇ ಅಕ್ಟೋಬರ್‌ನಲ್ಲಿ 9,000ಕ್ಕಿಂತ ಕೆಳಗೆ. ಮತ್ತೆ 21,000 ಕಂಡದ್ದು 2010ರ ನವೆಂಬರ್‌ನಲ್ಲಿ. 2020ರ ಜನವರಿಯಲ್ಲಿ 42,000, ಮಾರ್ಚ್ 23ಕ್ಕೆ 26,000. ಈ ಸಲ ಅದೇ ವರ್ಷದ ನವೆಂಬರ್‌ಗೆ ವಾಪಸ್ ಬಂತು. ಮುಂದಿನ ಸಲ ಎಷ್ಟು ತಿಂಗಳು, ಎಷ್ಟು ವರ್ಷ ಅಂತ ಯಾರೂ ಹೇಳಲಾರರು. ಆದರೆ ಒಂದು ಮಾತು. ಬೆಂಗಳೂರಿನ ಸಂಬಳದವರಿಗಿಂತ ಈ ಏರಿಳಿತ ತಡೆಯುವ ಶಕ್ತಿ ನಮಗೆ ಜಾಸ್ತಿ. ಚೀಲಕ್ಕೆ ಬೆಲೆ ಬಿದ್ದಿದೆ ಅಂತ ಕಾಫಿ ಗಿಡ ಕಿತ್ತವರು ನಾವಲ್ಲ. ಗಿಡ ನೆಟ್ಟು ಮೂರು ನಾಲ್ಕು ವರ್ಷ ಫಸಲಿಗೆ ಕಾದವರು ನಾವು.

ಪ್ರತಿ ತಿಂಗಳು ಹಾಕುವ ಎಸ್‌ಐಪಿ ನಮಗೂ ಆಗುತ್ತದೆ, ಮನೆ ಖಾತೆಗೆ ಸಂಬಳ ಬರುತ್ತಿದ್ದರೆ. 18,000ದಲ್ಲಿ 1,500 ಆಗಲಿ. ಮಾರ್ಚ್‌ನಲ್ಲಿ ಉತ್ಸಾಹದಿಂದ ಹತ್ತು ಸಾವಿರದ್ದು ಶುರು ಮಾಡಿ ಜುಲೈನಲ್ಲಿ ನಿಲ್ಲಿಸಿದವರೇ ಜಾಸ್ತಿ. ಅದು ಅವರ ತಪ್ಪಲ್ಲ, ಖಾತೆ ಒಂದೇ ಇದ್ದದ್ದರ ತಪ್ಪು.

ತೆರಿಗೆ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಆ ದುಡ್ಡನ್ನು ಎಫ್‌ಡಿ ಇಟ್ಟು ಬಂದ ಬಡ್ಡಿ ಕೃಷಿ ಆದಾಯ ಅಲ್ಲ. ಹೋಂಸ್ಟೇ ಬಾಡಿಗೆಯೂ ಅಲ್ಲ, ತೋಟದ ನಡುವೆಯೇ ಇದ್ದರೂ. ಬೆಳೆದ ಕಾಫಿಯನ್ನು ನೀವೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಲಾಭದಲ್ಲಿ ನೂರಕ್ಕೆ 25, ಹುರಿದು ಪುಡಿ ಮಾಡಿ ಮಾರಿದರೆ 40 ವ್ಯಾಪಾರದ ಆದಾಯ ಅಂತ ಲೆಕ್ಕ. ಪ್ಯಾಕೆಟ್ ಮಾಡಿ ಮಾರಲು ಹೊರಟಿರುವ ಹುಡುಗರು ಒಮ್ಮೆ ಆಡಿಟರ್ ಹತ್ತಿರ ಹೋಗಿ ಬನ್ನಿ.

ಕೊನೆಯದಾಗಿ ನಾಮಿನಿ. ನಾಮಿನಿ ಅಂದರೆ ವಾರಸುದಾರರಲ್ಲ. ಬ್ಯಾಂಕಿನಿಂದ ದುಡ್ಡು ತೆಗೆದು ವಾರಸುದಾರರಿಗೆ ಮುಟ್ಟಿಸಬೇಕಾದವರು. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿತು. ಜಮ್ಮಾ ಜಾಗದ, ಅಂದರೆ ವಂಶದಿಂದ ಬಂದ ಒಕ್ಕದ ಜಮೀನಿನ, ಆರ್‌ಟಿಸಿಯಲ್ಲಿ ಪಟ್ಟೆದಾರರ ಜೊತೆ ಒಕ್ಕದ, ಅಂದರೆ ದೊಡ್ಡ ಕುಟುಂಬದ, ಹತ್ತಾರು ಹೆಸರು ಇರುವುದರ ಪಾಡು ನಿಮಗೆ ಗೊತ್ತೇ ಇದೆ. ಜಾಗದ್ದು ನಮ್ಮ ಕೈಯಲ್ಲಿಲ್ಲ. ಎಫ್‌ಡಿ, ಪಾಲಿಸಿ, ಫಂಡ್, ಸಾಲ ಎಲ್ಲ ಒಂದು ಹಾಳೆಯಲ್ಲಿ ಬರೆದು, ಅದು ಎಲ್ಲಿದೆ ಅಂತ ಮನೆಯವರಿಗೆ ಹೇಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಗಂಡ ತೀರಿಹೋಗಿ ಎರಡು ವರ್ಷ ಆದಮೇಲೆ ಹಳೇ ಕೋಟಿನ ಜೇಬಲ್ಲಿ ಎಫ್‌ಡಿ ರಸೀದಿ ಸಿಕ್ಕಿ ಬ್ಯಾಂಕಿಗೆ ಬಂದವರನ್ನು ನೋಡಿದ್ದೇನೆ. ಅವರು ಆ ಎರಡು ವರ್ಷವೂ ಬಳೆ ಅಡವಿಟ್ಟಿದ್ದರು.

ಹಿಂದಿನ ಸಾಲಿನಿಂದ ಆ ಅಕ್ಕ ಕೇಳುತ್ತಿದ್ದಾರೆ, "ನನಗೆ ಖಾತೆಯೇ ಇಲ್ಲ, ಮೆಣಸು ಮಾರಿದ ದುಡ್ಡು ಅಕ್ಕಿ ಡಬ್ಬದಲ್ಲಿದೆ, ಏನು ಮಾಡಲಿ?" ಅಕ್ಕ, ಸೋಮವಾರ ಆಧಾರ್, ಎರಡು ಫೋಟೋ ತಗೊಂಡು ಹತ್ತಿರದ ಬ್ಯಾಂಕಿಗೆ ಹೋಗಿ. ಜನಧನ್ ಖಾತೆ ಅಂತ ಕೇಳಿ, ದುಡ್ಡು ಹಾಕದೆಯೂ ತೆರೆಯುತ್ತಾರೆ. ಖಾತೆ ನಿಮ್ಮೊಬ್ಬರ ಹೆಸರಲ್ಲೇ ಇರಲಿ. ಅಲ್ಲೇ ಆ 20 ರೂಪಾಯಿಯ ಅರ್ಜಿಗೂ ಸಹಿ ಹಾಕಿ. ಪಾಸ್‌ಬುಕ್ ಬೇಕಾದರೆ ಅಕ್ಕಿ ಡಬ್ಬದಲ್ಲೇ ಇಡಿ, ಅಡ್ಡಿ ಇಲ್ಲ.